ಶುಕ್ರವಾರ ಹನ್ನೊಂದು ಗಂಟೆಯ ಸ್ಲಾಟ್

ಬುಧವಾರ, 14 ಏಪ್ರಿಲ್ 2021. ಬೆಳಗ್ಗೆ 7.10

ನಾನು ಅಮ್ಮನಾಗುತ್ತಿದ್ದೇನೆ! ಎರಡು ಗೆರೆ. ಎರಡನೆಯದು ಸ್ವಲ್ಪ ಮಸುಕು, ಆದರೆ ಇದೆ, ಇದೆ, ಇದೆ! ಕಿಟ್ ಜೊತೆಗಿದ್ದ ಚೀಟಿಯನ್ನು ಮೂರು ಸಲ ಓದಿದೆ. ಬಾತ್‌ರೂಮಿನಲ್ಲಿ ಒಬ್ಬಳೇ ಕುಣಿದೆ. ಹೊರಗೆ ನಾಲ್ಕು ಮಗ್ಗ ಓಡುತ್ತಿದ್ದವು, ಕಿರುಚಿದರೂ ಯಾರಿಗೂ ಕೇಳುವುದಿಲ್ಲ. ಕಿರುಚಿದೆ.

ಮದುವೆಯಾಗಿ ಎಂಟೇ ವಾರ. ಓ ಗಾಡ್.

ವೇಣುವಿನ ಕಿವಿಗೆ ಬಾಯಿಟ್ಟು ಹೇಳಿದೆ. ಸೀದಾ ಹೋಗಿ ಸ್ವಿಚ್ ಆಫ್ ಮಾಡಿದ. ನಾಲ್ಕೂ ಮಗ್ಗ. ಕರೆಂಟ್ ಇರುವಾಗ ಈ ಮನೆಯಲ್ಲಿ ನಾಲ್ಕೂ ನಿಂತದ್ದನ್ನು ನಾನು ನೋಡಿರಲಿಲ್ಲ. ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಯಾಕೋ ನಿಲ್ಲಿಸ್ದೆ? ಎಳೆ ಹರೀತಾ?"

"ಇಲ್ಲಮ್ಮ… ನೀನು ಅಜ್ಜಿ ಆಗ್ತೀಯ."

ನನ್ನ ಬಾಯಿಗೆ ಸಕ್ಕರೆ ಹಾಕಿದರು. ತಮ್ಮ ಬಾಯಿಗೂ ಹಾಕಿಕೊಂಡರು. ವೇಣು, "ಅಮ್ಮಾ, ಶುಗರ್!" ಅಂದ. "ಇವತ್ತು ಇನ್ಸುಲಿನ್ ಎರಡು ಪಾಯಿಂಟ್ ಜಾಸ್ತಿ ಚುಚ್ಕೋತೀನಿ, ಸುಮ್ಕಿರೋ."

ಧರ್ಮಾವರಂಗೆ ಫೋನ್. ನಾದಿನಿ ಗಾನವಿ ಅಲ್ಲಿಂದಲೇ ಕಿರುಚಿದಳು. ನನ್ನಷ್ಟೇ ಜೋರು.

ಶನಿವಾರ, 17 ಏಪ್ರಿಲ್

ಅತ್ತೆಗೆ ನನಗಿಂತ ಆತುರ. ಸೀಮಂತಕ್ಕೆ ಅಂಗಡಿ ಸೀರೆ ಬೇಡವಂತೆ. ಮೂರನೇ ಮಗ್ಗದ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಮುಗಿಯುತ್ತಾ ಬಂದಿದೆ. ಮುಂದಿನ ಹಾಸು ಎಳೆ ಬಾಳೆ ಎಲೆಯ ಹಸಿರು. ಅದರ ಮೊದಲ ಸೀರೆ ನನಗೆ!

"ಅತ್ತೆ, ಸೀಮಂತಕ್ಕೆ ಇನ್ನೂ ಐದು ತಿಂಗಳಿದೆ."

"ನಿಂಗೆ ಐದು ತಿಂಗ್ಳು ತಾಯಿ. ನಂಗೆ ಕೆಚ್ಚೋಕೇ ಒಂದು ವಾರ ಬೇಕು."

ಕೆಚ್ಚುವುದು ಅಂದರೆ ಹಳೆ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆ ಸೇರಿಸಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆಯುವುದು. ಸಾವಿರಾರು ಎಳೆ. ಬೇರೆ ಮನೆಗಳಲ್ಲಿ ಕೂಲಿಗೆ ಕರೆಯುತ್ತಾರೆ, ಇಲ್ಲಿ ಅತ್ತೆಯೇ. ಶುರು ಮಾಡಿದವರೇ ಮುಗಿಸಬೇಕು. ನಡುವೆ ಇನ್ನೊಬ್ಬರ ಕೈ ಬಿದ್ದರೆ ಹೊಸೆತ ಬೇರೆಯಾಗುತ್ತದೆ, ಮಗ್ಗ ಓಡುವಾಗ ಎಳೆ ನಿಲ್ಲುವುದಿಲ್ಲ ಎನ್ನುತ್ತಾರೆ. ನಾನು ಬಿಡಿ ನೂಲಿನಲ್ಲಿ ಒಂದು ಎಳೆ ಟ್ರೈ ಮಾಡಿದೆ. ಅತ್ತೆ ಅದನ್ನು ನೋಡಿ ನಕ್ಕು, ಬಿಚ್ಚಿ, ಮತ್ತೆ ಹೊಸೆದರು.

ಬುಧವಾರ, 21 ಏಪ್ರಿಲ್

ಊಟದ ಹೊತ್ತಿಗೆ ಬರೀ ವ್ಯಾಕ್ಸಿನ್ ಮಾತು. ಬೆಂಗಳೂರಿನಲ್ಲಿ ಬೆಡ್ ಸಿಗುತ್ತಿಲ್ಲ. ಅತ್ತೆಗೆ ಐವತ್ತೆಂಟು, ಜೊತೆಗೆ ಶುಗರ್. ಮೊದಲು ಅಮ್ಮನಿಗೆ ಹಾಕಿಸಬೇಕು ಎಂದು ವೇಣು ಹಟ ಹಿಡಿದ.

ಪಕ್ಕದ ಮನೆ ಜಯಕುಮಾರಣ್ಣ ಬಾಗಿಲಲ್ಲೇ ನಿಂತು, "ನಮ್ ಭಾವ ಹಾಕಿಸ್ಕೊಂಡು ಮೂರು ದಿನ ಮೇಲೇಳ್ಲಿಲ್ಲ ಗುರು. ಮೂರು ದಿನ ನಿನ್ ಮಗ್ಗ ಯಾರಪ್ಪ ಓಡಿಸ್ತಾನೆ?" ಅಂದ.

ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ನೀನು ಕುಡ್ದು ನಾಲ್ಕು ದಿನ ಬಿದ್ದಿರ್ತೀಯಲ್ಲ, ಆವಾಗ ನಿನ್ ಮಗ್ಗ ಯಾರಪ್ಪ ಓಡಿಸ್ತಾನೆ?" ಅಂದರು. ಜಯಕುಮಾರಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬುಕಿಂಗ್ ನನ್ನ ಕೆಲಸ. ಇಂಗ್ಲಿಷ್ ಓದಿದ ಸೊಸೆಯಲ್ಲವೇ — ಎಲ್ಲ ಫಾರಂ, ಎಲ್ಲ ಓಟಿಪಿ ನನ್ನ ಪಾಲು. ಸಿಕ್ಕಿತು! ಶುಕ್ರವಾರ, ಹನ್ನೊಂದು ಗಂಟೆ. ಅತ್ತೆ ಬೀದಿಗೆಲ್ಲ ಹೇಳಿದರು, "ನಮ್ ಮಾನಸ ಎರಡೇ ನಿಮಿಷದಲ್ಲಿ ಮಾಡಿದ್ಲು."

ಗುರುವಾರ, 22 ಏಪ್ರಿಲ್

ಸ್ಕೂಲ್ ಫ್ರೆಂಡ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್. ಇಂಗ್ಲಿಷಿನಲ್ಲಿ, ಉದ್ದ, ಅಮೆರಿಕದ ಯಾವನೋ ಡಾಕ್ಟರ್ ಹೆಸರು ಬೇರೆ. ವ್ಯಾಕ್ಸಿನ್ ಹಾಕಿಸಿಕೊಂಡವರ ಹತ್ತಿರ ಗರ್ಭಿಣಿಯರು ಹದಿನೈದು ದಿನ ಇರಬಾರದಂತೆ. ಅವರ ಉಸಿರಿನಿಂದ, ಬೆವರಿನಿಂದ ಏನೋ ಹೊರಬರುತ್ತದಂತೆ. ಗರ್ಭ ನಿಲ್ಲುವುದಿಲ್ಲವಂತೆ.

ಸುಳ್ಳೇ ಇರಬೇಕು. ಆದರೆ… ಅಷ್ಟು ಉದ್ದ ಬರೆದಿದ್ದಾರೆ.

ಅತ್ತೆ ದಿನಕ್ಕೆ ಹತ್ತು ಸಲ ನನ್ನ ತಲೆ ಸವರುತ್ತಾರೆ. ಒಂದೇ ತಟ್ಟೆಯಿಂದ ತುತ್ತು ಕೊಡುತ್ತಾರೆ.

ವೇಣುಗೆ ತೋರಿಸಲಿಲ್ಲ. ನಗುತ್ತಾನೆ.

ಶುಕ್ರವಾರ, 23 ಏಪ್ರಿಲ್. ಮಧ್ಯಾಹ್ನ 12

ಕ್ಯಾನ್ಸಲ್ ಮಾಡಿದೆ.

ವೇಣು ಸೀರೆ ಕೊಡಲು ಚಿಕ್ಕಪೇಟೆಗೆ ಹೋಗಿದ್ದ. ಅತ್ತೆ ಹತ್ತಕ್ಕೇ ರೆಡಿ. ನೀಲಿ ಸೀರೆ, ಕೈಯಲ್ಲಿ ಆಧಾರ್ ಕಾರ್ಡು, ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು. ನನಗೆ ಮೆಸೇಜಿನ ವಿಷಯ ಹೇಳಲು ನಾಚಿಕೆಯಾಯಿತು. ಬೇರೆ ಹೇಳಿದೆ.

"ಅತ್ತೆ, ಕೆಚ್ಚೋದು ಅರ್ಧ ಆಗಿದೆ. ಇಂಜೆಕ್ಷನ್ ಆದ್ರೆ ಕೈ ನೋಯುತ್ತಂತೆ, ಜ್ವರ ಬರುತ್ತಂತೆ. ಬೇರೆಯವರ ಕೈ ಹಾಕಿಸೋ ಹಾಗಿಲ್ಲ ಅಂತೀರ…"

ಮಗ್ಗದ ಕಡೆ ನೋಡಿದರು. ಹಸಿರು ಎಳೆಗಳು ಅರ್ಧ ಸೇರಿ, ಅರ್ಧ ನೇತಾಡುತ್ತಿದ್ದವು.

"ಎಷ್ಟು ದಿನ ನೋಯುತ್ತೆ?"

"ಮೂರ್ನಾಲ್ಕು ದಿನ ಅಂತೆ." ನನಗೇನು ಗೊತ್ತಿತ್ತು? ಬಾಯಿಗೆ ಬಂದದ್ದು ಹೇಳಿದೆ.

"ಮುಂದಿನ ವಾರಕ್ಕೆ ಸಿಗುತ್ತಾ?"

"ಓ! ಎರಡು ನಿಮಿಷ ಅತ್ತೆ."

"ಹಂಗಾರೆ ಸರಿ. ಓದಿದೋಳು ನೀನು, ನಿಂಗೆ ಗೊತ್ತಿರುತ್ತೆ." ನೀಲಿ ಸೀರೆ ಬಿಚ್ಚಿಟ್ಟು ಬೂದಿ ಮುಟ್ಟಿ ಕೂತರು.

ಸಂಜೆ 6

ವೇಣು ಬಂದವನೇ, "ಹೆಂಗಿತ್ತಮ್ಮ? ಕೈ ನೋವಿದ್ಯಾ?" ಎಂದು ಕೇಳಿದ. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ —

"ಹೋಗ್ಲಿಲ್ಲ ಕಣೋ. ಭಯ ಆಯ್ತು."

"ಭಯಾನಾ? ಮಾನಸ ಕಷ್ಟಪಟ್ಟು ಬುಕ್ ಮಾಡಿದ್ಲು. ನಿಂಗೇನು ತಲೆ ಕೆಟ್ಟಿದ್ಯಾ? ಆ ಜಯಕುಮಾರನ ಮಾತು ಕೇಳ್ದಾ?"

ಎಷ್ಟು ಬೈದ. ಅವರು ಅವನಿಗೆ ಕಾಫಿ ತಂದುಕೊಟ್ಟರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕೆನ್ನೆ ಹಿಂಡಿ, "ಹೊಸ ಹುಡುಗಿ ನೀನು, ನಿಂಗ್ಯಾಕೆ ಬೈಗುಳ? ನಂಗೆ ಅಭ್ಯಾಸ" ಅಂದರು.

ಪ್ರಪಂಚದಲ್ಲಿ ಇಂಥ ಅತ್ತೆ ಯಾರಿಗೂ ಇಲ್ಲ!

ಸೋಮವಾರ, 3 ಮೇ

ಲಾಕ್‌ಡೌನ್. ಸ್ಲಾಟ್ ಇಲ್ಲ. ದೊಡ್ಡಬಳ್ಳಾಪುರ ಬುಕ್ಡ್. ದೇವನಹಳ್ಳಿ ಬುಕ್ಡ್. ನೆಲಮಂಗಲ ಬುಕ್ಡ್. ಪಿನ್ ಕೋಡ್ ಬದಲಾಯಿಸಿ ಬದಲಾಯಿಸಿ ಬೆರಳು ನೋಯುತ್ತಿದೆ. ಬೆಳಗ್ಗೆ ಆರರಿಂದ ಕೂತಿದ್ದೇನೆ. ಮೊನ್ನೆ ಪಕ್ಕದ ಮಧುರೆ ಹೋಬಳಿಯಲ್ಲಿ ಎರಡು ಕಾಣಿಸಿತು, ಓಟಿಪಿ ಬರುವಷ್ಟರಲ್ಲಿ ಹೋಯಿತು.

ಕೆಚ್ಚಿದ್ದು ಮುಗಿದು ಐದು ದಿನವಾಯಿತು. ನನ್ನ ಸೀರೆ ಅರ್ಧ ನೇಯ್ದಾಗಿದೆ. ಒಂದು ಎಳೆಯೂ ಹರಿದಿಲ್ಲ ಎಂದು ಅತ್ತೆಗೆ ಹೆಮ್ಮೆ.

ಭಾನುವಾರ, 9 ಮೇ

ಅತ್ತೆಗೆ ಮೈ ಬಿಸಿ. ಕಾಫಿಗೆ ವಾಸನೆಯೇ ಇಲ್ಲವಂತೆ. ಹೊಸ ಪುಡಿ ಸರಿಯಿಲ್ಲ ಅಂದರು. ಪುಡಿ ಹಳೆಯದೇ.

ಶುಕ್ರವಾರ, 14 ಮೇ

ಅತ್ತೆಗೆ ಕೋವಿಡ್. ಬೆಂಗಳೂರಿನಲ್ಲಿ ಬೆಡ್ ಸಿಕ್ಕಿತು. ವೇಣು ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲಿ. ನನ್ನ ಟೆಸ್ಟ್ ನೆಗೆಟಿವ್, ಮೇಲಿನ ರೂಮಿನಲ್ಲಿ ಒಬ್ಬಳೇ. ಕೆಳಗೆ ಮಗ್ಗ ನಿಂತಿವೆ.

ನರ್ಸ್ ಫೋನಿನಿಂದ ವೀಡಿಯೊ ಕಾಲ್. ಅತ್ತೆಯ ಮುಖದ ತುಂಬ ಆಕ್ಸಿಜನ್ ಮಾಸ್ಕು. ಕಣ್ಣು ಮಾತ್ರ ಅವರದು.

"ಊಟ ಮಾಡಿದ್ಯಾ?"

"ಅತ್ತೆ, ನನ್ನಿಂದ… ಅವತ್ತು ಕೆಚ್ಚೋದಕ್ಕೆ ಅಂದಿದ್ದು ಸುಳ್ಳು. ನಾನು ಒಂದು ಮೆಸೇಜ್ ಓದಿ ಹೆದರಿ…"

ಕೇಳಿಸಿತೋ ಇಲ್ಲವೋ. ಮೆಷಿನ್ ಸದ್ದು. ಉಸಿರು ಎಳೆದುಕೊಂಡು ಹೇಳಿದರು —

"ವೇಣುಗೆ ಹೇಳ್ಬೇಡ. ಅವನ ಬಾಯಿ ಕೆಟ್ಟದ್ದು. ನೀನು ತುಂಬಿದ ಬಸ್ರಿ."

ಇನ್ನೂ ಎರಡು ತಿಂಗಳು ತುಂಬಿತ್ತಷ್ಟೇ. ಅವರ ಲೆಕ್ಕ ಯಾವಾಗಲೂ ಮುಂದೆ.

ಗುರುವಾರ, 20 ಮೇ

ನಿನ್ನೆ. ಮಧ್ಯಾಹ್ನ ಮೂರೂವರೆ.

ಮನೆಗೆ ತರಲು ಬಿಡಲಿಲ್ಲ. ಗಾನವಿಗೆ ಆಂಧ್ರದ ಗಡಿ ದಾಟಲು ಪಾಸ್ ಸಿಗಲಿಲ್ಲ, ಫೋನಿನಲ್ಲಿ ನೋಡಿದಳು. ನಾನೂ ಫೋನಿನಲ್ಲಿ.

ಭಾನುವಾರ, 20 ಜೂನ್

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮಗ್ಗ ಮತ್ತೆ ಶುರು.

ಮಾತಾಡಿಸಲು ಬಂದವರಿಗೆಲ್ಲ ವೇಣು ಒಂದೇ ಕಥೆ ಹೇಳುತ್ತಾನೆ. ಸ್ಲಾಟ್ ಸಿಕ್ಕಿತ್ತು, ಅಮ್ಮ ಹೆದರಿ ಹೋಗಲಿಲ್ಲ. ಇವತ್ತು ಜಯಕುಮಾರಣ್ಣನ ಹಿಂದೆ ಬಿದ್ದಿದ್ದ.

"ಹಾಕಿಸ್ಕೊಳ್ಳೋ ಗುರು. ನಮ್ಮಮ್ಮನ ತರ ಮೊಂಡುತನ ಮಾಡ್ಬೇಡ. ಒಂದು ಶುಕ್ರವಾರ ಹೋಗಿದ್ದಿದ್ರೆ ಇವತ್ತು ಇಲ್ಲೇ ಕೂತಿರೋಳು. ತಾನೂ ಹೋದ್ಲು, ನಮ್ಮನ್ನೂ ಸಾಯಿಸಿದ್ಲು."

ಜಯಕುಮಾರಣ್ಣ ಜೋಕು ಮಾಡಲಿಲ್ಲ. "ಆಯ್ತಪ್ಪ, ನಾಳೆ ಹೋಗ್ತೀನಿ" ಅಂದ. ವೇಣುವಿನ ಮಾತಿನಿಂದ ನಮ್ಮ ಬೀದಿಯಲ್ಲಿ ಏಳು ಜನ ಹಾಕಿಸಿಕೊಂಡಿದ್ದಾರೆ. ಏಳೂ ಜನಕ್ಕೆ ಅತ್ತೆ ಹೆದರುಪುಕ್ಕಲಿ.

ನಾನು ಕಾಫಿ ಕೊಟ್ಟೆ. ಲೋಟ ತೆಗೆದೆ. ಒಳಗೆ ಬಂದೆ.

ಅಮ್ಮನ ಮೇಲೆ ಅವನಿಗೆ ಸಿಟ್ಟು. ಫೋಟೊಗೆ ಹೂ ಹಾಕುವಾಗಲೂ ಗೊಣಗುತ್ತಾನೆ. ಅಳುತ್ತಾನೆ, ಆಮೇಲೆ ಮತ್ತೆ ಬೈಯುತ್ತಾನೆ. ನಾನು ಹೇಳಿದರೆ ಆ ಸಿಟ್ಟೆಲ್ಲ ನನ್ನ ಮೇಲೆ ಬರುತ್ತದೆ. ಬರಲಿ ಎಂದು ದಿನಾ ಬೆಳಗ್ಗೆ ಅಂದುಕೊಳ್ಳುತ್ತೇನೆ. ಅವನ ಮುಖ ನೋಡಿದ ತಕ್ಷಣ ಬೇರೇನೋ ಮಾತು ಎತ್ತುತ್ತೇನೆ. ಮದುವೆಯಾಗಿ ನಾಲ್ಕು ತಿಂಗಳು. ಅವನಿಗೂ ನಾನು ಬೇಡವಾದರೆ?

ಬುಧವಾರ, 14 ಜುಲೈ

ಗರ್ಭಿಣಿಯರಿಗೂ ಕೊಡುತ್ತಿದ್ದಾರೆ. ಆಶಾ ಕಾರ್ಯಕರ್ತೆ ರಮ್ಯ ಮನೆಗೇ ಬಂದು ಕರೆದುಕೊಂಡು ಹೋದರು. ಡಾಕ್ಟರ್ ನನ್ನಷ್ಟೇ ವಯಸ್ಸಿನವರಂತೆ ಕಂಡರು. ಆ ಮೆಸೇಜ್ ಇನ್ನೂ ಫೋನಿನಲ್ಲಿತ್ತು. ತೋರಿಸಿದೆ.

ಓದಿ ಫೋನ್ ವಾಪಸು ಕೊಟ್ಟರು. "ಇದೆಲ್ಲ ಸುಳ್ಳಮ್ಮ. ಹಾಕಿಸಿಕೊಂಡೋರ ಪಕ್ಕ ಕೂತ್ರೆ ಯಾರಿಗೂ ಏನೂ ಆಗಲ್ಲ. ನೀವು ಇದನ್ನ ನಂಬಿ ಯಾರನ್ನೂ ತಡೀಲಿಲ್ಲ ತಾನೆ?"

"ಇಲ್ಲ" ಅಂದೆ.

ಅವರು ಎಷ್ಟು ಸುಲಭವಾಗಿ ಕೇಳಿದರು. ನಾನೂ ಎಷ್ಟು ಸುಲಭವಾಗಿ ಹೇಳಿದೆ.

ಶುಕ್ರವಾರ, 16 ಜುಲೈ

ಕೈ ನೋವು ಒಂದೇ ದಿನ. ಜ್ವರ ಬರಲಿಲ್ಲ. ನಿನ್ನೆ ಬಲಗೈಯಲ್ಲಿ ರೊಟ್ಟಿ ತಟ್ಟಿದೆ, ಎರಡು ಕೊಡ ನೀರು ಎತ್ತಿದೆ. ಇಂಜೆಕ್ಷನ್ ಕೊಡುವುದು ಎಡಗೈಗೆ. ಒಂದು ದಿನ ಕೈ ಬಿಟ್ಟು ಮಾರನೆಯ ದಿನ ಕೂತಿದ್ದರೂ ಕೆಚ್ಚುವುದನ್ನು ಅತ್ತೆಯೇ ಮುಗಿಸುತ್ತಿದ್ದರು. ಇನ್ನೊಬ್ಬರ ಕೈ ಬೇಕಾಗುತ್ತಲೇ ಇರಲಿಲ್ಲ.

ಮೂರ್ನಾಲ್ಕು ದಿನ ಅಂದಿದ್ದೆ.

ಗುರುವಾರ, 2 ಸೆಪ್ಟೆಂಬರ್. ಮಧ್ಯಾಹ್ನ

ಮಗು ಒದೆಯುತ್ತಿದೆ. ವೇಣು ಕೈಯಿಟ್ಟು, "ಅಮ್ಮ ಇರ್ಬೇಕಿತ್ತು" ಅಂದ. ಮರುಗಳಿಗೆಗೆ, "ಎಲ್ಲಾ ಅವಳೇ ಮಾಡ್ಕೊಂಡಿದ್ದು" ಅಂದ. ಎದ್ದು ಬಂದುಬಿಟ್ಟೆ.

ಗಾನವಿ ಫೋನ್ ಮಾಡಿದಳು. ಸೀಮಂತ ಬೇಡ, ಬರೀ ಬಳೆ ತೊಡಿಸೋಣ ಎಂದು ಮಾತು ಶುರು. ಆಮೇಲೆ —

"ಅತ್ತಿಗೆ, ಒಂದು ಕೇಳ್ಲಾ? ದಿನಾ ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಕೊಳ್ಳೋಳು ನಮ್ಮಮ್ಮ. ಜಯಕುಮಾರಂಗೆ ಬಾಯಿ ಮುಚ್ಚಿಸೋಳು. ಅವ್ಳು ಹೆದರಿದ್ಲು ಅಂತ ಅಣ್ಣ ಹೇಳ್ತಾನೆ. ನಂಗೆ ನಂಬಕ್ಕೇ ಆಗ್ತಿಲ್ಲ. ಅವತ್ತು ಮನೇಲಿ ಇದ್ದಿದ್ದು ನೀವೊಬ್ರೇ."

ಹೇಳಿದೆ. ಮೆಸೇಜು, ಕೆಚ್ಚುವ ನೆಪ, ನೀಲಿ ಸೀರೆ, ಸಂಜೆ ಅತ್ತೆ ಹೇಳಿದ ಸುಳ್ಳು, ಅದನ್ನು ನಂಬಿದ ಬೀದಿಯ ಏಳು ಜನ. ಎಲ್ಲ. ಸಾರಿ ಎಂಬ ಪದ ಬಾಯಿಗೆ ಬಂತು, ಅದು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವುದು. ನುಂಗಿಕೊಂಡೆ.

ಆ ಕಡೆಯಿಂದ ಅವಳ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು.

"ನಮ್ಮಮ್ಮ ರೆಡಿ ಆಗಿದ್ಲಾ?"

"ಹತ್ತು ಗಂಟೆಗೇ."

"ಹೆದರಿರ್ಲಿಲ್ಲ."

"ಇಲ್ಲ ಗಾನವಿ. ಒಂಚೂರೂ ಇಲ್ಲ."

ಆಗ ಅತ್ತಳು. ತುಂಬ ಹೊತ್ತು. ನಾನು ಅಳಲಿಲ್ಲ, ನನಗೆ ಆ ಹಕ್ಕಿಲ್ಲ ಅನ್ನಿಸಿತು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ಅಣ್ಣಂಗೆ ಗೊತ್ತಾ?"

"ಇಲ್ಲ. ಇವತ್ತೇ ಹೇಳ್ತೀನಿ."

"ಬೇಡ. ಭಾನುವಾರ ಬೆಳಗ್ಗೆ ಟ್ರೇನಿಗೆ ಬರ್ತೀನಿ, ನಾನ್ ಬಂದ್ಮೇಲೆ ಹೇಳಿ. ಅಮ್ಮನ ಫೋಟೊ ಮುಂದೆ, ನನ್ನೆದುರಿಗೆ ಹೇಳ್ಬೇಕು. ಜಯಕುಮಾರನ್ನೂ ಕರೀರಿ. ಆ ಏಳು ಜನಾನೂ ಕರೀರಿ."

"ಆಯ್ತು." ಆಮೇಲೆ ಕೇಳಿಯೇಬಿಟ್ಟೆ, "ಗಾನವಿ, ನನ್ನ ಮೇಲೆ…"

"ಅದೆಲ್ಲ ನಂಗೊತ್ತಿಲ್ಲ ಅತ್ತಿಗೆ. ಈಗ ಕೇಳ್ಬೇಡಿ. ಊಟ ಮಾಡಿದ್ರಾ?"

ಅತ್ತೆಯದೇ ಧ್ವನಿ. ಆಗ ನಾನೂ ತಡೆದುಕೊಳ್ಳಲಾಗಲಿಲ್ಲ.

ಈಗ ವೇಣು ಒಳಗೆ ಬಂದು, ಯಾಕೆ ಅಳುತ್ತಿದ್ದೀಯ, ಯಾರ ಫೋನು ಎಂದು ಕೇಳಿದ. ನಿಮ್ಮ ತಂಗಿ ಬರುತ್ತಿದ್ದಾಳೆ ಅಂದೆ. ಖುಷಿಯಾದ. ಸ್ಟೇಷನ್ನಿಗೆ ತಾನೇ ಹೋಗುತ್ತಾನಂತೆ. ಯಾವತ್ತು, ಯಾವ ಟ್ರೇನು, ಬರೆದಿಡು ಅಂದ. ಬರೆಯುತ್ತಿದ್ದೇನೆ.

ಭಾನುವಾರ. ಧರ್ಮಾವರಂ ಪ್ಯಾಸೆಂಜರ್. ದೊಡ್ಡಬಳ್ಳಾಪುರಕ್ಕೆ ಒಂಬತ್ತು ನಲವತ್ತಕ್ಕೆ.