ಡಾಕ್ಟರು ಊರಲ್ಲಿಲ್ಲದ ದಿನ

ಫೆಬ್ರವರಿ ೬

ಬೆಳಗಿನಿಂದ ರೋಗಿಗಳ ಕಾಲುಗುರು, ಆಣಿ, ಮತ್ತೆ ಉಗುರು. ನಾನು ಬ್ಲೇಡ್ ಹಿಡಿದಾಗಲೆಲ್ಲ ಡಾಕ್ಟರ್ ಹ್ರುಸ್ಕಾ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ನನ್ನದು ತಾತ್ಕಾಲಿಕ ಲೈಸೆನ್ಸ್. ಅವರು ಈ ಕ್ಲಿನಿಕ್ಕಿನ ಸೂರಿನಡಿ ಇದ್ದರೆ ನಾನು ಪಾದದ ವೈದ್ಯೆ. ಅವರು ಹೊರಗೆ ಕಾಲಿಟ್ಟರೆ ನಾನು ಬರೀ ರೆನಾಟಾ. ಮಾರ್ಚ್‌ನಲ್ಲಿ ಲೈಸೆನ್ಸ್ ಕೊಡುವ ಬೋರ್ಡು ಸೇರುತ್ತದೆ. ಪೂರ್ತಿ ಲೈಸೆನ್ಸ್ ಸಿಗುವುದು ಆಗಲೇ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು.

ಫೆಬ್ರವರಿ ೯, ಬೆಳಿಗ್ಗೆ

ಡಾಕ್ಟರ ಅಕ್ಕ ತೀರಿಕೊಂಡರು. ಇವತ್ತು ಮಣ್ಣು. ಅದಕ್ಕೇ ಓಮಾಹಾ ನಗರಕ್ಕೆ ಹೊರಟರು. “ಫೋನ್ ಎತ್ತು, ಹೆಸರು ಬರ್ಕೋ. ಬ್ಲೇಡ್ ಮಾತ್ರ ಮುಟ್ಬೇಡ ಕಣಮ್ಮ.” ಸರಿ ಎಂದೆ. ಹಿಮ ಶುರುವಾಗಿದೆ.

ಸಂಜೆ

ಮಧ್ಯಾಹ್ನ ಲೂಮಿರ್ ಬಂದ — ಜೋಳದ ಗೋದಾಮಿನ ಮುದುಕ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದೆ. ಬೂಟಿನೊಳಗೆ ಮೊಳೆ ಚುಚ್ಚುತ್ತಿದ್ದರೂ ಅದರ ಮೇಲೇ ಓಡಾಡಿದ್ದಾನೆ. ಕಾಲುಚೀಲ ಬಿಚ್ಚಿದೆ... ವಾಸನೆ. ಅಂಗಾಲು ಊದಿ ಬಿಗಿದಿತ್ತು, ಕೆಂಪು ಕಣಕಾಲಿನತ್ತ ಏರುತ್ತಿತ್ತು. ಆಂಬ್ಯುಲೆನ್ಸ್‌ನವರು ಹೆದ್ದಾರಿ ಮುಚ್ಚಿದೆ, ಬರಲು ರಾತ್ರಿಯಾಗುತ್ತದೆ ಎಂದರು. ಡಾಕ್ಟರ ಫೋನ್ ಬಂದ್.

“ನೋವೇನಿಲ್ಲಮ್ಮ, ನಿಧಾನಕ್ಕೇ ನೋಡು,” ಎಂದ. ನೋವಿಲ್ಲದ್ದೇ ನನಗೆ ಭಯ.

ಕಾದರೆ ಅವನ ಕಾಲು ಹೋಗುತ್ತದೆ. ಕೊಯ್ದರೆ ನನ್ನ ಲೈಸೆನ್ಸ್.

ಕೊಯ್ದೆ. ಕೀವು ಚಿಮ್ಮಿತು. ಯಾರಿಗೂ ಹೇಳಬೇಡ ಎನ್ನಲು ಬಾಯಿ ಬರಲಿಲ್ಲ.

ಫೆಬ್ರವರಿ ೨೩

ಕಾಲು ಉಳಿಯಿತು. ನಾನು ಉಳಿಯುವುದು ಅನುಮಾನ. ಇಲ್ಲಿ ಆಸ್ಪತ್ರೆಯಿಂದ ಬಂದವರೆಲ್ಲ ವಾರಪತ್ರಿಕೆಯಲ್ಲಿ ಕೃತಜ್ಞತೆ ಹಾಕಿಸುತ್ತಾರೆ — ಊಟ ತಂದವರಿಗೆ, ಅಂಗಳದ ಹಿಮ ಗೋರಿದವರಿಗೆ. ಲೂಮಿರ್‌ನದೂ ಬಂದಿದೆ: ‘ಡಾಕ್ಟರು ಊರಲ್ಲಿಲ್ಲದಾಗ ಒಬ್ಬಳೇ ಧೈರ್ಯದಿಂದ ಕೊಯ್ದು ನನ್ನ ಕಾಲು ಉಳಿಸಿದ ರೆನಾಟಾಳನ್ನು ದೇವರು ಚೆನ್ನಾಗಿಟ್ಟಿರಲಿ.’ ದೇವರಿಗಿಂತ ಮೊದಲು ಬೋರ್ಡಿನವರು ಓದಿದ್ದಾರೆ. ವಿಚಾರಣೆಗೆ ಕರೆ ಬಂದಿದೆ. ಮುದುಕನನ್ನು ಬೈಯಲು ಹೋಗಿ ಅತ್ತುಬಿಟ್ಟೆ.

ಡಾಕ್ಟರು ಬಾಗಿಲು ಹಾಕಿದರು. “ಹಿಮ ನೋಡಿ ಅರ್ಧ ದಾರೀಲಿ ವಾಪಸ್ ಬಂದೆ, ಹಿಂದಿನ ರೂಮಲ್ಲಿದ್ದೆ ಅಂತ ಬೋರ್ಡಿನವರಿಗೆ ಹೇಳ್ತೀನಿ.”

“ಮತ್ತೆ ನಿಮ್ಮಕ್ಕನಿಗೆ ಮಣ್ಣು ಹಾಕಿದ್ದು?”

“ಹೋಗ್ಲೇ ಇಲ್ಲ ಅಂತೀನಿ.”

ಮಾರ್ಚ್ ೧೪, ಬೋರ್ಡಿನ ಕಚೇರಿ

ಬೆಂಚಿನ ಮೇಲೆ ಮೂವರೂ ಕೂತಿದ್ದೇವೆ. ಲೂಮಿರ್ ಕೋಲೂರಿ ನಡೆದೇ ಬಂದ. “ಜ್ವರದಲ್ಲಿದ್ದೆ, ಯಾರಿದ್ರೋ ಯಾರಿಲ್ವೋ ನೆನಪಿಲ್ಲ ಅಂತೀನಿ ಬಿಡು. ಪತ್ರಿಕೇಲಿ ಹಾಕ್ಸಿದ್ದು ಸುಮ್ನೆ ಹರಟಿದ್ದು, ನನ್ ಬಾಯಿಗೆ ಬೀಗ ಇಲ್ಲ ಅಂತ ಊರಿಗೇ ಗೊತ್ತು.”

ಇಬ್ಬರೂ ನನಗಾಗಿ ಸುಳ್ಳು ಹೇಳಲು ತಯಾರು. ನನಗೂ ಆಸೆ. ಲೈಸೆನ್ಸ್ ಬೇಕು — ಬೇಕೇ ಬೇಕು. ಡಾಕ್ಟರು ನೆಲ ನೋಡುತ್ತಿದ್ದಾರೆ. ತಾಯಿಯಿಲ್ಲದ ಅವರನ್ನು ಎತ್ತಿ ಬೆಳೆಸಿದವಳು ಆ ಅಕ್ಕ.

ಬಾಗಿಲು ತೆರೆಯಿತು. ಮೊದಲು ನನ್ನ ಹೆಸರೇ.

“ಹಿಂದಿನ ರೂಮು, ಮರೀಬೇಡ,” ಎಂದರು ಡಾಕ್ಟರು.

ಇಲ್ಲ. ಅವರು ಅಕ್ಕನ ಗುಂಡಿಯ ಬಳಿ ನಿಂತಿದ್ದರು. ಕ್ಲಿನಿಕ್ಕಿನಲ್ಲಿ ಇದ್ದದ್ದು ನಾನು ಒಬ್ಬಳೇ, ಕೊಯ್ದದ್ದೂ ನಾನೇ. ಒಳಗೆ ಹೋಗಿ ಅದನ್ನೇ ಹೇಳುತ್ತೇನೆ.