ದ್ಯಾಮವ್ವನ ಭಿನ್ನರಾಶಿ

ಫೆಬ್ರವರಿ ೩೧, ೨೧೮೯
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೊಸ ಕಾಟಗಲ್ಲು

ನೂರಾ ಅರವತ್ತು ವರ್ಷಗಳ ಹಿಂದೆ ಸರಕಾರಿ ಶಾಲೆಗಳಲ್ಲಿ ಗಣಿತ ಕಲಿಸುತ್ತಿರುವ ಗುರುಗಳಿಗೆ, ಅದೇ ಕೆಲಸದ ಮೆಹರಾಜ ನದಾಫ ಮಾಡುವ ವಂದನೆಗಳು.

ದಿನಾಂಕ ನೋಡಿ ನಾನು ಕೈತಪ್ಪಿ ಬರೆದೆನೆಂದು ತಿಳಿಯಬೇಡಿ. ನಮ್ಮ ಕಾಲದಲ್ಲಿ ದಿನಾಂಕವನ್ನು ಹೇಳುಗಲ್ಲು ಹೇಳುತ್ತದೆ, ಮತ್ತು ಈ ವರ್ಷ ಫೆಬ್ರವರಿಗೆ ಮೂವತ್ತೊಂದು ದಿನ ಎಂದು ಅದು ಹೇಳಿದೆ. ಹೇಳುಗಲ್ಲು ಎಂದರೆ ಕೊರಳಲ್ಲಿ ಕಟ್ಟಿಕೊಳ್ಳುವ, ಹುಣಸೆ ಬೀಜದಷ್ಟು ದೊಡ್ಡದಾದ ಒಂದು ಯಂತ್ರ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಬಹಳ ಮರ್ಯಾದೆಯಿಂದ ಕೊಡುತ್ತದೆ. ತಿಂಗಳ ಕೊನೆಗೆ ನಿವೃತ್ತಳಾಗಬೇಕಿದ್ದ ನನಗೆ ಇದರಿಂದ ಮೂರು ದಿನದ ಸೇವೆ ಹೆಚ್ಚಿಗೆ ಸಿಕ್ಕಿತು. ಇದು ಸರಿಯಲ್ಲವೆಂದು ಕಚೇರಿಗೆ ಹೋಗಿ ತಕರಾರು ಮಾಡಿದೆ. ಗುಮಾಸ್ತ ತನ್ನ ಕಲ್ಲನ್ನು ಕೇಳಿ, "ಸರಿ ಐತ್ರೀ ಅಕ್ಕಾರ, ನೀವು ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ" ಎಂದ. ನಿನ್ನೆ, ಅಂದರೆ ಮೂವತ್ತನೇ ತಾರೀಖು, ನಮ್ಮ ಓಣಿಯಲ್ಲಿ ಒಂದು ಮಗು ಹುಟ್ಟಿತು. ಅದರ ಮುಂದಿನ ಹುಟ್ಟುಹಬ್ಬ ಯಾವತ್ತು ಎಂದು ಯಾರೂ ಕೇಳಲಿಲ್ಲ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ನಿವೃತ್ತರಾಗುವ ನೌಕರರಿಗೆ ಒಂದು ಶಾಲು, ಒಂದು ಹಾರ ಮತ್ತು ಕಳೆದ ಕಾಲಕ್ಕೆ ಒಂದು ಪತ್ರ ಕಳಿಸುವ ಸವಲತ್ತು ಕೊಡುವುದು ನಮ್ಮಲ್ಲಿ ಪದ್ಧತಿ. ಹೆಚ್ಚಿನವರು ತೀರಿಕೊಂಡ ಅಜ್ಜಿಗೆ ಬರೆಯುತ್ತಾರೆ. ಪತ್ರ ಮುಟ್ಟುತ್ತದೆಯೋ ಇಲ್ಲವೋ ಬಲ್ಲವರಿಲ್ಲ, ಮುಟ್ಟುತ್ತದೆಂಬ ನಂಬಿಕೆ ನನಗೂ ಅಷ್ಟಾಗಿ ಇಲ್ಲ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಇಲ್ಲಿನ ಶಾಲೆಗಳು ಚೆನ್ನಾಗಿಯೇ ನಡೆಯುತ್ತವೆ. ಬಿಸಿಯೂಟವಿದೆ, ಗೋಡೆಗೆ ಬಣ್ಣವಿದೆ. ಗಣಿತದ ಜಾಗದಲ್ಲಿ ಮಕ್ಕಳು ಕೇಳ್ವಿಕೆ ಎಂಬ ವಿಷಯ ಓದುತ್ತಾರೆ. ಕಲ್ಲಿಗೆ ಪ್ರಶ್ನೆಯನ್ನು ತೊದಲದೆ, ವಿನಯದಿಂದ ಕೇಳುವುದು ಹೇಗೆಂದು ಅದರಲ್ಲಿ ಕಲಿಸುತ್ತಾರೆ. ಸ್ಪಷ್ಟವಾಗಿ ಕೇಳಿದವರಿಗೆ ಪೂರ್ಣ ಅಂಕ. ಬಂದ ಉತ್ತರವನ್ನು ಪರೀಕ್ಷಿಸುವ ಪಾಠ ಯಾವ ತರಗತಿಯಲ್ಲೂ ಇಲ್ಲ. ಗೌಂಡಿ ಇಟ್ಟಿಗೆ ಎಷ್ಟು ಬೇಕೆಂದು ಕಲ್ಲನ್ನು ಕೇಳುತ್ತಾನೆ, ಕಟ್ಟುವ ಗೋಡೆ ಅರ್ಧಕ್ಕೇ ನಿಂತುಹೋದರೆ ಇಟ್ಟಿಗೆಯನ್ನು ಬೈಯುತ್ತಾನೆ. ಮಗ್ಗಿ ಮಾತ್ರ ಉಳಿದಿದೆ, ಜೋಗುಳವಾಗಿ. ಹದಿನೇಳರ ಮಗ್ಗಿಗೆ ಮಕ್ಕಳು ಬೇಗ ಮಲಗುತ್ತವೆಂದು ತಾಯಂದಿರು ಹೇಳುತ್ತಾರೆ, ಅದು ಏನೆಂದು ಅವರಿಗೆ ಗೊತ್ತಿಲ್ಲ. ಇಷ್ಟರ ನಡುವೆ ವಾರಕ್ಕೊಂದು ಗಣಿತದ ಪಿರಿಯಡ್ಡು ಉಳಿದಿರುವುದು ನಮ್ಮ ಶಾಲೆಯಲ್ಲಿ ಮಾತ್ರ. ನನ್ನ ಹುದ್ದೆಯೂ ನನ್ನೊಂದಿಗೇ ರದ್ದಾಗುತ್ತದೆ.

ನಿಮ್ಮ ಕಾಲದಿಂದ ನಮಗೊಂದು ಗಣಿತದ ಪೆಟ್ಟಿಗೆ ಬಂದಿದೆ. ಭಿನ್ನರಾಶಿಯ ಪಟ್ಟಿಗಳು, ಮಣಿಗಳು, ತಕ್ಕಡಿ, ಎಲ್ಲ ಇದ್ದ ಪೆಟ್ಟಿಗೆ. ಮಕ್ಕಳು ಮುರಿದಾರು, ತಪಾಸಣೆಗೆ ಬಂದವರು ಕೇಳಿಯಾರು ಎಂದು ನಿಮ್ಮಲ್ಲೊಬ್ಬರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮುಂದೆ ಬಂದ ಪ್ರತಿ ಹೆಡ್‌ಮಾಸ್ತರರೂ "ಪೆಟ್ಟಿಗೆ ಒಂದು, ಸುಸ್ಥಿತಿ" ಎಂದು ಹೇಳಿ ಚಾರ್ಜು ವಹಿಸಿಕೊಟ್ಟರು. ಬೀಗ ಒಡೆದವಳು ನಾನು. ಒಳಗಿನ ಪಟ್ಟಿಗಳು ಮುಟ್ಟಿದರೆ ಹಪ್ಪಳದಂತೆ ಪುಡಿಯಾದವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನಿಮಗೆ ಎರಡೂ ಇದ್ದವಲ್ಲ ಮಹರಾಯರೇ. ನನಗೆ ಬಹಳ ಸಿಟ್ಟು ಬಂತು, ಈಗಲೂ ಇದೆ. ಆಮೇಲೆ ಹಳೆಯ ಕೌದಿಯೊಂದನ್ನು ಹರಿದು ಬಟ್ಟೆಯಲ್ಲೇ ಪಟ್ಟಿ ಮಾಡಿಕೊಂಡೆ.

ಆ ಪಟ್ಟಿಗಳಲ್ಲಿ ಕಲಿತವಳು ದ್ಯಾಮವ್ವ. ಹನ್ನೊಂದು ವರ್ಷದವಳು, ನನ್ನ ಪಿರಿಯಡ್ಡಿಗೆ ಬರುತ್ತಿದ್ದ ಒಬ್ಬಳೇ ವಿದ್ಯಾರ್ಥಿನಿ. ಅವಳ ತಂದೆ ಫಕೀರಪ್ಪ ಊರಿನ ಟಾಕಿಯಿಂದ ನೀರು ಬಿಡುವವನು. ಟಾಕಿಯ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಮೇಲಿನ ಓಣಿಗೆ, ಇಡೀ ಟಾಕಿಯ ಅರ್ಧ ಕೆಳಗಿನ ಓಣಿಗೆ ಎಂದು ಹೇಳುಗಲ್ಲು ಹಂಚಿಕೊಟ್ಟಿತು. ಎರಡೂ ಓಣಿಯವರು ತಮಗೆ ಒಳ್ಳೆಯ ಪಾಲೇ ಬಂತೆಂದು ಖುಷಿಪಟ್ಟರು. ಫಕೀರಪ್ಪ ಮೊದಲು ಮೇಲಿನ ಓಣಿಗೆ ಬಿಡುತ್ತಿದ್ದ, ಉಳಿದದ್ದು ಕೆಳಗೆ ಸಾಲುತ್ತಿರಲಿಲ್ಲ. ಕೆಳಗಿನವರು ಕಡಿಮೆ ಬಿದ್ದ ನೀರೆಲ್ಲಿ ಎಂದು ಕೇಳಿದರು. ಕಲ್ಲು ಹೇಳಿದಂತೆಯೇ ಬಿಟ್ಟಿದ್ದೇನೆ ಎಂದು ಅವನು ಹೇಳಿದ. ಕದ್ದು ಮಾರಿದ್ದಾನೆ ಎಂದರು.

ಪಂಚಾಯಿತಿ ಕೂಡುವ ಹಿಂದಿನ ದಿನ ದ್ಯಾಮವ್ವ ಶಾಲೆಯಲ್ಲಿ ಕೂತು ಪಟ್ಟಿ ಜೋಡಿಸಿದಳು. ಒಂದು ಉದ್ದ ಪಟ್ಟಿ ಇಡೀ ಟಾಕಿ. ಅದರ ಪಕ್ಕಕ್ಕೆ ಮೂರರಲ್ಲಿ ಎರಡು, ಅದರ ತುದಿಗೆ ಅರ್ಧ. "ಅಕ್ಕಾರ, ಹೊರಗ ಉಳೀತೈತ್ರಿ. ಟಾಕಿನ ಸಾಲೂದಿಲ್ಲ" ಎಂದಳು. ಹೊರಗುಳಿದ ತುಂಡನ್ನು ತಾನೇ ಇಡೀ ಪಟ್ಟಿಯ ಮೇಲೆ ಸರಿಸುತ್ತಾ ಅಳೆದು, ಅದು ಆರರಲ್ಲಿ ಒಂದು ಎಂದು ಕಂಡುಕೊಂಡಳು. ನಾನು ಕಲಿಸಿರಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ನಾನು ಪಟ್ಟಿದ್ದಿಲ್ಲ.

ಮರುದಿನ ಕಟ್ಟೆಯ ಮೇಲೆ ಅದನ್ನೇ ಜೋಡಿಸಿ ತೋರಿಸಿದಳು. ಕೆಟ್ಟ ಜನರಲ್ಲ ಅವರು. ಬಗ್ಗಿ ನೋಡಿದರು, ಕೂಸು ಚೂಟಿ ಇದೆ ಎಂದರು. ಆದರೆ ಬಟ್ಟೆಯ ತುಂಡಿಗೂ ನೀರಿಗೂ ಏನು ಸಂಬಂಧವೆಂದು ಒಬ್ಬರಿಗೂ ಹೊಳೆಯಲಿಲ್ಲ. ನಾನು ಎದ್ದು ನಿಂತು ಬಿಡಿಸಿ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅಧ್ಯಕ್ಷರು ಕಲ್ಲನ್ನು ಎತ್ತಿ, ಹಂಚಿಕೆ ಸರಿಯಿದೆಯೇ ಎಂದು ಕೇಳಿದರು. ಸರಿಯಿದೆ ಎಂದಿತು. "ಆತಲ್ರೀ ಅಕ್ಕಾರ, ಮುಗೀತು" ಎಂದರು. ಇರದ ನೀರನ್ನು ಕದ್ದ ತಪ್ಪಿಗೆ ಫಕೀರಪ್ಪನನ್ನು ಕೆಲಸದಿಂದ ತೆಗೆದು ಊರು ಬಿಡಿಸಿದರು.

ನಿಮ್ಮಲ್ಲಿ ಯಾರ ಕಪಾಟಿನಲ್ಲಾದರೂ ಅಂಥ ಪೆಟ್ಟಿಗೆ ಇದ್ದರೆ ಇವತ್ತೇ ಮಕ್ಕಳ ಮುಂದೆ ಸುರಿಯಿರಿ. ಮುರಿಯಲಿ, ಕಳೆಯಲಿ, ಮನೆಗೆ ಒಯ್ಯಲಿ. ಅಂದು ಕಟ್ಟೆಯ ಮೇಲೆ ಕೂತವರಲ್ಲಿ ಚಿಕ್ಕಂದಿನಲ್ಲಿ ಆ ಪಟ್ಟಿಗಳನ್ನು ಕೈಯಲ್ಲಿ ಹಿಡಿದಿದ್ದವರು ಒಬ್ಬರಿದ್ದರೆ ಸಾಕಿತ್ತು. ನೀವು ಹಾಗೆ ಮಾಡುವುದಿಲ್ಲವೆಂದು ನನಗೆ ಗೊತ್ತು. ಮಾಡಿದ್ದರೆ ನಾನು ಹೀಗೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ, ತಂದೆಯ ಹಿಂದೆ ಊರು ಬಿಡುವ ಮುನ್ನ, ದ್ಯಾಮವ್ವ ಪಟ್ಟಿಗಳನ್ನು ಹಿಂದಿರುಗಿಸಲು ಬಂದಿದ್ದಳು. ಇಟ್ಟುಕೋ ಎಂದೆ. ಬೇಡವೆಂದಳು. ಬಾಗಿಲ ಹತ್ತಿರ ನಿಂತು, "ನನ್ನ ಲೆಕ್ಕ ತಪ್ಪಿರಬೇಕ್ರಿ ಅಕ್ಕಾರ. ನಮ್ಮಪ್ಪ ಕದ್ದಿರಬೇಕು" ಎಂದಳು. ತಪ್ಪಿಲ್ಲವೆಂದು ನಾನು ಎಷ್ಟು ಹೇಳಿದರೂ, ಊರೆಲ್ಲ ಒಂದು ಕಡೆ, ನಾನೊಬ್ಬ ಮುದುಕಿ ಒಂದು ಕಡೆ. ತಲೆಯಾಡಿಸಿ ಹೋದಳು.

ಆದ್ದರಿಂದ ಪೆಟ್ಟಿಗೆಯ ಮಾತು ಬಿಡಿ. ನಿಮ್ಮಲ್ಲಿ ಬೇಡುವುದು ಇಷ್ಟೇ: ಒಂದು ಹಾಳೆ ತೆಗೆದುಕೊಂಡು ಮೂರರಲ್ಲಿ ಎರಡಕ್ಕೆ ಎರಡರಲ್ಲಿ ಒಂದನ್ನು ಕೂಡಿಸಿ ನೋಡಿ. ಒಂದಕ್ಕಿಂತ ಹೆಚ್ಚು ಬಂದರೆ, ಆ ಹುಡುಗಿ ಹೇಳಿದ್ದು ಸರಿ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ. ನನ್ನ ನಂತರ ಇಲ್ಲಿ ಅದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ.