ಐದು ನಿಮಿಷದ ಮಗ್ಗಿ

ನವೆಂಬರ್ 18, ಸೋಮವಾರ

ಮಕ್ಕಳು ಎಣಿಸಲೆಂದು ಇಟ್ಟ ಬ್ರೆಡ್ ಚೀಲದ ಕ್ಲಿಪ್ಪುಗಳ ಡಬ್ಬ ಇವತ್ತೂ ಉರುಳಿತು. ಇಡೀ ನಾಲ್ಕನೇ ಕ್ಲಾಸು ನೆಲದ ಮೇಲೆ. ಹೆಕ್ಕುವ ನೆಪದಲ್ಲಿ ಅರ್ಧ ಪಿರಿಯಡ್ ಹಾಳು. ವಿಲ್ಲಾ ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಆರಾರು ಕ್ಲಿಪ್ಪಿನ ಏಳು ಸಾಲು ಜೋಡಿಸಿದ್ದಳು. ಐದು ಸಾಲು ಬಿಟ್ಟು ಉಣ್ಣೆ ದಾರ ಎಳೆದಳು. ಆಚೆ ಮೂವತ್ತು, ಈಚೆ ಹನ್ನೆರಡು. ನಲವತ್ತೆರಡು ಅಂದಳು, ಸದ್ದೇ ಬರದ ಹಾಗೆ. ಸೆಪ್ಟೆಂಬರಿನಲ್ಲಿ ಎರಡರ ಮಗ್ಗಿಗೇ ಅಳುತ್ತಿದ್ದವಳು! ನನಗೆ ಕುಣಿಯುವಷ್ಟು ಖುಷಿ.

ಮಧ್ಯಾಹ್ನ ವೈಸ್ ಪ್ರಿನ್ಸಿಪಾಲ್ ಗಾರ್ನೆಟ್ ಬಂದು ಅದಕ್ಕೂ ತಣ್ಣೀರೆರಚಿದ. ಶುಕ್ರವಾರ ಟೆಸ್ಟ್. ನಲವತ್ತು ಲೆಕ್ಕ, ಐದು ನಿಮಿಷ. ಡೆಸ್ಕಿನ ಮೇಲೆ ಪೆನ್ಸಿಲ್ ಬಿಟ್ಟು ಏನೂ ಇರಕೂಡದು. ಮೂವತ್ತು ಬರದಿದ್ದರೆ ವಿಲ್ಲಾ ಜನವರಿಯಿಂದ ಸಡ್ಬರಿ ಊರಿನ ಆ ತುದಿಯ ಸ್ಕೂಲಿಗೆ, ಸ್ಪೆಷಲ್ ಕ್ಲಾಸಿಗೆ. ಬೇರೆ ಬಸ್ಸು, ಬೇರೆ ಮಕ್ಕಳು. ಅವಳಿಗೂ ಗೊತ್ತು. ಅಮ್ಮ ಹೇಳಿದ್ದಾಳಂತೆ.

ನವೆಂಬರ್ 20, ಬುಧವಾರ

ಕ್ಲಿಪ್ಪುಗಳನ್ನು ಬೀರುವಿನಲ್ಲಿಟ್ಟೆ. ಪಾಪ, ವಿಲ್ಲಾ ಬರೀ ಡೆಸ್ಕಿನ ಮೇಲೆ ಬೆರಳಾಡಿಸಿ ಇಲ್ಲದ ಕ್ಲಿಪ್ಪು ಜೋಡಿಸುತ್ತಾಳೆ. ಉತ್ತರ ಸರಿ. ಆದರೆ ನಿಧಾನ... ಗಾರ್ನೆಟ್ ಬಾಗಿಲಲ್ಲಿ ನಿಂತು ನೋಡಿದ.

"ಆಟ ಆಡ್ಸಿದ್ದು ಸಾಕು ಲೋರೇನ್. ಬಾಯಿಪಾಠ ಮಾಡ್ಸಿ."



ನವೆಂಬರ್ 22, ಶುಕ್ರವಾರ

ವಿಲ್ಲಾಗೆ ಮೂವತ್ತೊಂದು! ಇನ್ನೇನೂ ಬರೆಯುವುದಿಲ್ಲ.

ಅದೇ ದಿನ, ಸಂಜೆ

ಬರೆಯದಿದ್ದರೆ ಎದೆ ಉರಿಯುತ್ತದೆ. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ಐದು ನಿಮಿಷ ಆಯಿತು. ನಾನು ನಿಲ್ಲಿಸಿ ಅನ್ನಲಿಲ್ಲ. ಅವಳ ಬೆರಳು ಇನ್ನೂ ಆಡುತ್ತಿತ್ತು. ಏಳು ನಿಮಿಷದ ತನಕ ಬಿಟ್ಟೆ — ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಬಸ್ಸಿಗೆ ಹೊರಟಿದ್ದವಳು ವಾಪಸ್ ಬಂದಳು. ಕೋಟಿನ ಜಿಪ್ಪು ಅರ್ಧಕ್ಕೇ ನಿಂತಿತ್ತು.

"ಮಿಸ್, ಶುರು ಮಾಡಿದಾಗ ಗಡಿಯಾರದ ದೊಡ್ಡ ಮುಳ್ಳು ಎರಡರ ಮೇಲಿತ್ತು. ಮೂರಕ್ಕೆ ಬಂದಾಗ ನಿಲ್ಲಿಸ್ಬೇಕಿತ್ತು. ಒಂದೊಂದು ಅಂಕಿಗೂ ಐದೈದು ನಿಮಿಷ ಅಂತ ನೀವೇ ಹೇಳ್ಕೊಟ್ರಲ್ಲ."

ನಾನು ಬಗ್ಗಿ ಅವಳ ಜಿಪ್ಪು ಮೇಲಕ್ಕೆಳೆದೆ.

"ಹಂಗಾದ್ರೆ ನಾನು ಪಾಸಾಗಿಲ್ಲ, ಅಲ್ವಾ?"

ನಾಚಿಕೆಯಿಂದ ಕುಗ್ಗಿಹೋದೆ. ಸೋಮವಾರ ಎಲ್ಲರಿಗೂ ಇನ್ನೊಮ್ಮೆ ಟೆಸ್ಟ್ ಮಾಡೋಣ ಅಂದೆ. ತಲೆಯಾಡಿಸಿ ಬಸ್ಸಿಗೆ ಓಡಿದಳು. ಗಾರ್ನೆಟ್ ಹತ್ತಿರ ಹೋಗಿ ನಿಜ ಹೇಳಿದೆ. ಚೆನ್ನಾಗಿ ಬೈದ. ಬೈಸಿಕೊಂಡೆ.

ನವೆಂಬರ್ 25, ಸೋಮವಾರ, ಊಟದ ಬಿಡುವು

ಮತ್ತೆ ಟೆಸ್ಟ್ ಆಯಿತು. ಈ ಸಲ ಸ್ಟಾಪ್‌ವಾಚ್ ಗಾರ್ನೆಟ್ ಕೈಯಲ್ಲಿ. ನಿಲ್ಲಿಸಿ ಅಂದ ಮೇಲೂ ಉಳಿದವರೆಲ್ಲ ಒಂದೊಂದು ಅಂಕಿ ಗೀಚಿಯೇ ಪೆನ್ಸಿಲ್ ಬಿಟ್ಟರು. ಕೂಡಲೇ ಕೆಳಗಿಟ್ಟವಳು ವಿಲ್ಲಾ ಒಬ್ಬಳೇ.

ಅವಳ ಹಾಳೆ ನನ್ನ ಮುಂದಿದೆ. ಇಪ್ಪತ್ತೊಂಬತ್ತು ಸರಿ. ಎರಡೆರಡು ಸಲ ಎಣಿಸಿದೆ. ಅದರ ಮುಂದಿನದು ಏಳೆಂಟ್ಲ. 5 ಬರೆದಿದ್ದಾಳೆ. ಪಕ್ಕದ 6 ಬರೆದಿಲ್ಲ.

ಕೋಣೆಯಲ್ಲಿ ಯಾರೂ ಇಲ್ಲ. ಪೆನ್ಸಿಲ್ ಕೈಯಲ್ಲೇ ಇದೆ. ಒಂದು ಗೀರು ಸಾಕು. ಉತ್ತರ ಅವಳಿಗೆ ಗೊತ್ತಿತ್ತು, ಅದೇನು ಸುಳ್ಳೇ? ಆದರೆ ನಾಳೆ ಹಾಳೆ ಅವಳ ಕೈಗೇ ಹೋಗುತ್ತದೆ. ತಾನು ಎಲ್ಲಿ ನಿಲ್ಲಿಸಿದೆ ಅನ್ನುವುದೂ ಅವಳಿಗೆ ಗೊತ್ತು.

29 ಎಂದು ಬರೆದು ಸಹಿ ಹಾಕಿದೆ.

ವಿಲ್ಲಾ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಎಷ್ಟು ಬಂತು ಮಿಸ್ ಅನ್ನುತ್ತಿದ್ದಾಳೆ. ನಾನು ಹಾಳೆಯನ್ನು ಅವಳ ಕಡೆಗೆ ತಿರುಗಿಸುತ್ತಿದ್ದೇನೆ.